ಆರು ವೋಲ್ಟ್ ಜಾವಾಕ್ಕೆ ಡಿಜಿಟಲ್ ಮೀಟರ್ ಕೂರಿಸಿದಾಗ ಕಲಿತದ್ದು

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ತಂದೆಯ ಕಾಲದ ಜಾವಾ 250 ಬೈಕ್ ತಂದು ನಮ್ಮ ಹಾಸನದ ವರ್ಕ್‌ಶಾಪಿನಲ್ಲಿ ನಿಲ್ಲಿಸಿದರು. "ಸ್ಪೀಡ್ ಮೀಟರ್ ಕೇಬಲ್ ಹಾಕಿಸಿ ಹಾಕಿಸಿ ಸಾಕಾಯ್ತಪ್ಪಾ. ಡಿಜಿಟಲ್ ಒಂದು ಕೂರಿಸು. ಹಳೇದನ್ನ ಮಾತ್ರ ಮುಟ್ಟಬೇಡ" ಅಂದರು.

ಮೈಸೂರಿನಲ್ಲಿ 1961ರಿಂದ ತಯಾರಾದ ಗಾಡಿಗಳಿವು. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಗಾಡಿಗಳು ಇನ್ನೂ ಓಡುತ್ತಿವೆ. ಅಂಥದ್ದರ ಡೂಮ್, ಅಂದರೆ ಹೆಡ್‌ಲೈಟಿನ ಹಿಂದಿನ ಕವಚ, ಕೊರೆಯಲು ನನಗೂ ಮನಸ್ಸಿರಲಿಲ್ಲ. ಹಳೇ ಮೀಟರ್ ಅದರ ಜಾಗದಲ್ಲೇ ಇರಲಿ ಅಂತ ಹೊಸದನ್ನು ಹ್ಯಾಂಡಲ್ ಮೇಲೆ ಕ್ಲಾಂಪ್ ಹಾಕಿ ಕೂರಿಸಿದೆ.

ಗಾಡಿ ಆರು ವೋಲ್ಟಿನದು, ಹೊಸ ಮೀಟರ್ 12 ವೋಲ್ಟಿನದು. ನಡುವೆ ಆರನ್ನು ಹನ್ನೆರಡಕ್ಕೆ ಏರಿಸುವ ಕನ್ವರ್ಟರ್ ಇಟ್ಟೆ. ಕರೆಂಟನ್ನು ಡೂಮ್ ಒಳಗೇ, ಕೀ ಆನ್ ಮಾಡಿದರೆ ಬರುವ ವೈರಿನಿಂದ ತೆಗೆದುಕೊಂಡೆ. ಹತ್ತಿರದಲ್ಲೇ ಸಿಕ್ಕಿತು ಅಂತ ಅಷ್ಟೇ. ಕೀ ತಿರುಗಿಸಿದೆ, ಮೀಟರ್ ಚೆನ್ನಾಗಿ ಬೆಳಗಿತು.

ಸಂಜೆ ಹೆಡ್‌ಲೈಟ್ ಹಾಕಿ ಓಡಿಸಿದಾಗ ತೊಂದರೆ ಶುರುವಾಯಿತು. ಸಿಗ್ನಲ್‌ನಲ್ಲಿ ನಿಲ್ಲಿಸಿ ಬ್ರೇಕ್ ಒತ್ತಿದರೆ, ಬ್ರೇಕ್ ಲೈಟ್ ಹತ್ತಿದ ತಕ್ಷಣ ಮೀಟರ್ ಆರಿ ಮತ್ತೆ ಹತ್ತುತ್ತಿತ್ತು. ಹಾರ್ನ್ ಹೊಡೆದರೂ ಅದೇ ಕಥೆ. ರೇಸ್ ಕೊಟ್ಟರೆ ಸರಿಹೋಗುತ್ತಿತ್ತು. ಕನ್ವರ್ಟರ್ ಕೆಟ್ಟಿದೆ ಅಂದುಕೊಂಡು ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ. ಬ್ಯಾಟರಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ, 6.2 ವೋಲ್ಟ್ ತೋರಿಸಿತು. ಬ್ಯಾಟರಿ ಸರಿಯಾಗಿದೆ ಅಲ್ವಾ ಅಂತ ಎರಡು ದಿನ ಬೇರೆ ಕಡೆ ಹುಡುಕಿದೆ.

ಮೂರನೇ ದಿನ ಕೆಲಸದ ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿದೆ. ಎಂಜಿನ್ ಸ್ಲೋ, ಹೆಡ್‌ಲೈಟ್ ಆನ್. ಈ ಸಲ ಮಲ್ಟಿಮೀಟರನ್ನು ಕನ್ವರ್ಟರ್‌ಗೆ ಕರೆಂಟ್ ಬರುವ ಎರಡು ವೈರುಗಳಿಗೇ ಹಿಡಿದೆ. 4.8! ಬ್ಯಾಟರಿಯಿಂದ ಡೂಮ್‌ವರೆಗೆ ಬರುವಷ್ಟರಲ್ಲಿ 1.4 ವೋಲ್ಟ್ ದಾರಿಯಲ್ಲೇ ಹೋಗಿತ್ತು. ನಾನು ಹಾಕಿದ್ದ ಕನ್ವರ್ಟರ್‌ಗೆ ಕಡಿಮೆ ಅಂದರೂ ಐದು ಬೇಕು.

ಹೊಸ ಗಾಡಿಗಳ ಅಭ್ಯಾಸದಲ್ಲಿ ನಾನು ಮರೆತಿದ್ದು ಇದನ್ನೇ. 35 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ ಮೂರು ಆಂಪ್ ಎಳೆದರೆ, ಆರು ವೋಲ್ಟಿನಲ್ಲಿ ಸುಮಾರು ಆರು ಆಂಪ್ ಎಳೆಯುತ್ತದೆ. ಅದೇ ವೈರಿನಲ್ಲಿ ಎರಡು ಪಟ್ಟು ಕರೆಂಟ್ ಹರಿದರೆ ವೋಲ್ಟೇಜ್ ಕೂಡ ಎರಡು ಪಟ್ಟು ಬೀಳುತ್ತದೆ. ಇರುವುದೇ ಆರು, ಅದರಲ್ಲಿ ಒಂದು ಹೋದರೂ ದೊಡ್ಡ ಪಾಲು ಹೋದ ಹಾಗೆ. ಕನ್ವರ್ಟರ್‌ನ ಗುಣ ಇನ್ನೊಂದು. ಬಲ್ಬಿಗೆ ವೋಲ್ಟೇಜ್ ಇಳಿದರೆ ಅದು ಮಂಕಾಗಿ ಕಡಿಮೆ ಕರೆಂಟ್ ಎಳೆಯುತ್ತದೆ. ಕನ್ವರ್ಟರ್ ಹಾಗಲ್ಲ. ಆಚೆ ಕಡೆ 12 ಕೊಡಲೇಬೇಕು ಅಂತ ಇನ್ನೂ ಜಾಸ್ತಿ ಎಳೆಯುತ್ತದೆ. ಆಗ ವೈರಿನಲ್ಲಿ ಇನ್ನಷ್ಟು ಬೀಳುತ್ತದೆ.

ಕೀ ಸ್ವಿಚ್ ಬಿಚ್ಚಿದರೆ ಒಳಗಿನ ಹಿತ್ತಾಳೆ ಪಟ್ಟಿ ಕಪ್ಪಾಗಿತ್ತು. ಬ್ಯಾಟರಿಯ ಮೈನಸ್ ಅನ್ನು ಚಾಸಿಗೆ (ಗಾಡಿಯ ಫ್ರೇಮಿಗೆ) ಸೇರಿಸುವ ಅರ್ತ್ ಬೋಲ್ಟಿನ ಕೆಳಗೆ ಯಾರೋ ಹೊಡೆಸಿದ್ದ ದಪ್ಪ ಪೇಂಟ್, ಅದರಡಿ ತುಕ್ಕು. ಎರಡನ್ನೂ ಉಜ್ಜಿ ಹೊಳೆಯುವಂತೆ ಮಾಡಿದೆ. ಬ್ಯಾಟರಿಯಿಂದ ಕನ್ವರ್ಟರ್‌ಗೆ ಬೇರೆಯೇ ದಪ್ಪ ವೈರ್ ಎಳೆದು ಫ್ಯೂಸ್ ಹಾಕಿದೆ. ಮೈನಸ್ ಕೂಡ ಚಾಸಿಗೆ ಬಿಡದೆ ನೇರ ಬ್ಯಾಟರಿಗೇ ತಂದೆ. ಕೀ ವೈರ್ ಈಗ ಆ ದಪ್ಪ ವೈರನ್ನು ಆನ್-ಆಫ್ ಮಾಡುವ ಆರು ವೋಲ್ಟಿನ ಸಣ್ಣ ರಿಲೇಯನ್ನು (ಕರೆಂಟಿನಿಂದ ನಡೆಯುವ ಸ್ವಿಚ್) ಎಳೆಯುತ್ತದೆ ಅಷ್ಟೇ. ಈ ಗಾಡಿಯಲ್ಲಿ ಮೈನಸ್ ಚಾಸಿಗೆ ಇತ್ತು. ಹಳೇ ಇಂಗ್ಲಿಷ್ ಗಾಡಿಗಳಲ್ಲಿ ಪ್ಲಸ್ ಚಾಸಿಗೆ ಇರುವುದು ಜಾಸ್ತಿ. ಅಂಥದ್ದು ಬಂದರೆ ಮೊದಲು ಅದನ್ನು ನೋಡಿಕೊಂಡೇ ಕೈ ಹಾಕಿ.

ಸ್ಪೀಡಿಗೆ ಮುಂದಿನ ಚಕ್ರದಲ್ಲಿ ಮ್ಯಾಗ್ನೆಟ್, ಫೋರ್ಕಿನಲ್ಲಿ ಸೆನ್ಸರ್. ಚಕ್ರದ ಸುತ್ತಳತೆಯನ್ನು ಟೈರ್ ಸೈಜ್ ನೋಡಿ ಹಾಕಲಿಲ್ಲ. ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ಓನರನ್ನೇ ಮೇಲೆ ಕೂರಿಸಿ, ಒಂದು ಸುತ್ತು ಉರುಳಿಸಿ ನೆಲದ ಮೇಲೆ ಟೇಪ್ ಹಿಡಿದೆ.

ರಾತ್ರಿ ಬಾಳ್ಳುಪೇಟೆವರೆಗೆ ಓಡಿಸಿದೆ. ದಾರಿಯುದ್ದಕ್ಕೂ ಬ್ರೇಕ್, ಹಾರ್ನ್ ಒತ್ತಿ ನೋಡಿದೆ. ಮೀಟರ್ ಒಮ್ಮೆಯೂ ಆರಲಿಲ್ಲ.

ಮಳೆಗಾಲ ಮುಗಿದ ಮೇಲೆ ಅವರು ಸರ್ವಿಸಿಗೆ ಬಂದಿದ್ದರು. ಹುಡುಗ ನಾನು ಹೇಳುವ ಮುಂಚೆಯೇ ಹೆಡ್‌ಲೈಟ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಮಲ್ಟಿಮೀಟರ್ ನನ್ನ ಕೈಗೆ ಕೊಟ್ಟ. ಕನ್ವರ್ಟರ್ ಹತ್ತಿರ 5.9 ಇತ್ತು.