ಜೆಲ್ ಆವಿ ಮಾಡುತ್ತದೆ, ನೀರು ಕೊಡುವುದು ಗಾಜು

ಬಿಸಿಲಿನಿಂದ ನೀರನ್ನು ಆವಿಯಾಗಿಸಿ ಶುದ್ಧ ಮಾಡುವ, ನೀರು ಹೀರಿ ಹಿಡಿದಿಡುವ ಮೆತ್ತನೆಯ ಹೈಡ್ರೋಜೆಲ್‌ನ ಅಂಕಿ ನೋಡುವ ಮುನ್ನ ಒಂದು ಲೆಕ್ಕ. ಚದರ ಮೀಟರಿಗೆ ಒಂದು ಕಿಲೋವ್ಯಾಟ್ ಬಿಸಿಲು ಗಂಟೆಗಟ್ಟಲೆ ಬಿದ್ದರೆ ಗಂಟೆಗೆ 3,600 ಕಿಲೋಜೂಲ್. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಬೇಕು. ಹಾಗಾಗಿ ಒಂದೂವರೆ ಲೀಟರ್ ದಾಟಬಾರದು. ಆದರೆ 2018ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ನೀರಿನಲ್ಲಿ ಕರಗುವ ಪಾಲಿಮರ್) ಮತ್ತು ಬೆಳಕು ಹೀರುವ ಕಪ್ಪು ಪಾಲಿಪಿರೋಲ್ ಸೇರಿದ ಜೆಲ್‌ನಲ್ಲಿ ಅಷ್ಟೇ ಬಿಸಿಲಿಗೆ ಚದರ ಮೀಟರಿಗೆ ಗಂಟೆಗೆ 3.2 ಕೆಜಿ ಆವಿ ತೋರಿಸಿತು. ಪಾಲಿಮರ್ ಎಳೆಗಳ ಪಕ್ಕದ ನೀರಿನಲ್ಲಿ ಹೈಡ್ರೋಜನ್ ಬಂಧ ಸಡಿಲವಿರುತ್ತದೆ, ಅದು ಕಡಿಮೆ ಶಾಖಕ್ಕೇ ಏಳುತ್ತದೆ ಎಂಬುದು ಅವರ ವಿವರಣೆ. ತಣ್ಣನೆಯ ಬದಿಗಳು ಸುತ್ತಲ ಗಾಳಿಯ ಶಾಖವನ್ನೂ ಎಳೆದುಕೊಳ್ಳುತ್ತವೆ ಎನ್ನುವವರೂ ಇದ್ದಾರೆ. ಆ ತಕರಾರು ಮುಗಿದಿಲ್ಲ.

ಇಂಥ ಜೆಲ್ಲನ್ನು ಮಾಡಿ ನೋಡಲು ಸುಲಭವಾದದ್ದು ಹೆಪ್ಪುಗಟ್ಟಿಸಿ ಕರಗಿಸುವ ವಿಧಾನ. 100 ಮಿಲಿ ತಣ್ಣೀರಿಗೆ 10 ಗ್ರಾಂ ಪಿವಿಎ ಪುಡಿಯನ್ನು ಉದುರಿಸುತ್ತಾ ಕಲಕಿ, ಆಮೇಲೆ 90 ಡಿಗ್ರಿಗೆ ಏರಿಸಿ ತಿಳಿಯಾಗುವವರೆಗೆ ಕಲಕುತ್ತಿರಿ. ನೇರ ಬಿಸಿನೀರಿಗೆ ಹಾಕಿದರೆ ಗಂಟುಗಂಟಾಗುತ್ತದೆ. ಪಿವಿಎ 99 ಶೇಕಡಾ ಹೈಡ್ರೊಲೈಸ್ ಆಗಿರಬೇಕು, ಅಂದರೆ ತಯಾರಿಕೆಯಲ್ಲಿ ಅದರ ಅಸಿಟೇಟ್ ಗುಂಪುಗಳು ಬಹುತೇಕ ಕಳಚಿರಬೇಕು. 88ರದ್ದು ಬೇಡ, ಅದರಲ್ಲಿ ಉಳಿದ ಅಸಿಟೇಟ್ ಗುಂಪುಗಳು ಎಳೆಗಳನ್ನು ಹತ್ತಿರ ಬರಲು ಬಿಡುವುದಿಲ್ಲ, ಜೆಲ್ ಲೋಳೆಯಾಗಿಯೇ ಉಳಿಯುತ್ತದೆ. ಬಿಸಿಲು ಹೀರಲು ಒಂದು ಗ್ರಾಂ ಕಾರ್ಬನ್ ಬ್ಲ್ಯಾಕನ್ನು (ನುಣುಪಾದ ಮಸಿಪುಡಿ) ಇದೇ ದ್ರಾವಣದ ಸ್ವಲ್ಪ ಭಾಗದಲ್ಲಿ ಅರೆದು ಸೇರಿಸಿ. ಒಂದು ಸೆಂಟಿಮೀಟರ್ ದಪ್ಪಕ್ಕೆ ಅಚ್ಚಿಗೆ ಹೊಯ್ದು, ಮೈನಸ್ 20 ಡಿಗ್ರಿಯಲ್ಲಿ 12 ಗಂಟೆ, ಹೊರಗೆ ನಾಲ್ಕು ಗಂಟೆ, ಹೀಗೆ ಮೂರು ಸಲ. ನಂತರ ಒಂದು ದಿನ ನೀರು ಬದಲಿಸುತ್ತಾ ನೆನೆಸಿ, ಅಂಟದೆ ಉಳಿದ ಪಿವಿಎ ಹೊರಬರಲಿ.

ಜೆಲ್ಲನ್ನು ನೇರ ನೀರಿನ ಮೇಲೆ ತೇಲಿಬಿಟ್ಟರೆ ಶಾಖವೆಲ್ಲ ಕೆಳಕ್ಕೆ ಸೋರುತ್ತದೆ. ನಡುವೆ ಥರ್ಮೋಕೋಲ್ ಇಟ್ಟು, ಅದರ ತೂತಿನಲ್ಲಿ ಹತ್ತಿಯ ಬತ್ತಿ ಇಳಿಬಿಡಬೇಕು. ಬತ್ತಿ ತೆಳುವಾದರೆ ಉಪ್ಪುನೀರಿನಲ್ಲಿ ಮೇಲ್ಮೈಗೆ ಬಿಳಿ ಹೊಪ್ಪಳೆ ಕಟ್ಟಿ ಬೆಳಕು ತಡೆಯುತ್ತದೆ. ದಪ್ಪವಾದರೆ ಉಪ್ಪು ರಾತ್ರಿ ವಾಪಸ್ ಇಳಿಯುತ್ತದೆ, ಜತೆಗೆ ಹಗಲಿನ ಶಾಖವೂ. ಸ್ವಲ್ಪ ದಪ್ಪದ ಕಡೆಗೇ ವಾಲುವುದು ಒಳ್ಳೆಯದು. ಒಮ್ಮೆ ಪೂರ್ತಿ ಒಣಗಿದ ಜೆಲ್ ಕುಗ್ಗಿ ಗಡುಸಾಗುತ್ತದೆ, ನೆನೆಸಿದರೂ ಮೊದಲಿನಂತೆ ಆಗುವುದಿಲ್ಲ.

ಇಷ್ಟೆಲ್ಲ ಆದಮೇಲೆ ನಿಜವಾದ ತೊಡಕು ಆವಿಯನ್ನು ಹಿಡಿದು ನೀರಾಗಿಸುವ ಗಾಜಿನ ಮುಚ್ಚಳದ್ದು. ಆ 3.2 ತೆರೆದ ಗಾಳಿಯಲ್ಲಿ ತೂಕ ಇಳಿದ ಲೆಕ್ಕ, ಬಾಟಲಿಗೆ ಬಿದ್ದ ನೀರಲ್ಲ. ಇಳಿಜಾರು ಗಾಜಿನಡಿ ಇಟ್ಟಾಗ ಹನಿಗಳು ಬೆಳಕನ್ನು ಚದುರಿಸುತ್ತವೆ, ಆವಿ ನೀರಾಗುವಾಗ ಬಿಟ್ಟ ಶಾಖದಿಂದ ಗಾಜೇ ಬಿಸಿಯಾಗುತ್ತದೆ, ಒಳಗಿನ ಗಾಳಿ ತೇವದಿಂದ ತುಂಬಿ ಆವಿಯಾಗುವುದು ಕುಂಟುತ್ತದೆ. ಗಾಜನ್ನು ಚೆನ್ನಾಗಿ ತೊಳೆದಿಟ್ಟರೆ ಹನಿಯ ಬದಲು ತೆಳು ಪದರವಾಗಿ ಹರಿಯುತ್ತದೆ. ಪೆಟ್ಟಿಗೆಯ ಒಳಗೆ 60 ಡಿಗ್ರಿ ದಾಟದಂತೆ ನೋಡಿಕೊಳ್ಳಿ, ಅಲ್ಲಿಂದಾಚೆ ಈ ಬಗೆಯ ಜೆಲ್ ಮೆತ್ತಗಾಗತೊಡಗುತ್ತದೆ.

ಉಪ್ಪು, ಫ್ಲೋರೈಡ್, ಆರ್ಸೆನಿಕ್ ಕೆಳಗೇ ಉಳಿಯುತ್ತವೆ. ಪೆಟ್ರೋಲ್, ಥಿನ್ನರ್, ಅಮೋನಿಯಾ ಮಾತ್ರ ಆವಿಯ ಬೆನ್ನು ಹತ್ತಿ ಬರುತ್ತವೆ, ಆದ್ದರಿಂದ ಮೊದಲ ಹನಿಗಳನ್ನು ಮೂಸಿ ನೋಡಿ. ವಾಸನೆ ಇದ್ದರೆ ಆ ನೀರಿಗೆ ಈ ದಾರಿ ಹೊಂದುವುದಿಲ್ಲ.