ಜೋನಿಬೆಲ್ಲ, ಸೋಯಾ ಸಾಸ್ ಮತ್ತು ಗರಿಗರಿ ತೋಫು

ಸೋಯಾ ಹಾಲಿನಿಂದ ಮಾಡುವ ತೋಫು ಗರಿಗರಿಯಾಗುತ್ತದೋ ಇಲ್ಲವೋ ಎಂಬುದು ಅದು ಎಣ್ಣೆಗೆ ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ. ಅಂಗಡಿಯಿಂದ ತಂದ 200 ಗ್ರಾಂ ಪೊಟ್ಟಣದಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ನೀರೇ ಇರುತ್ತದೆ. ಮೇಲ್ಮೈಯ ನೀರು ಆರುವ ತನಕ ತುಂಡಿನ ಹೊರಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹೊಂಬಣ್ಣವೂ ಹುರಿದ ಪರಿಮಳವೂ ಚೆನ್ನಾಗಿ ಮೂಡಬೇಕಾದರೆ 140 ಡಿಗ್ರಿಯ ಆಸುಪಾಸಿನ ಕಾವು ಬೇಕು. ಆದ್ದರಿಂದ ಮನೆಗೆ ಬಂದವರು ತಿಂದು ಮೆಚ್ಚಿ, "ಯಾವ ಹಿಟ್ಟು ಹಾಕಿದಿರಿ?" ಎಂದು ಕೇಳಿದರೆ ನಾನು ಹಿಟ್ಟಿನ ವಿಷಯಕ್ಕೆ ಹೋಗುವ ಮುಂಚೆ ನೀರಿನ ವಿಷಯ ಹೇಳುತ್ತೇನೆ.

ಮೊದಲು ಕೊಳ್ಳುವ ಮಾತು. ಗಡಸು ತೋಫುವನ್ನೇ ತನ್ನಿ. ಮೊಸರಿನ ಹಾಗೆ ನಡುಗುವ ಮೆತ್ತನೆಯ ತೋಫು ಸಾರಿಗೆ, ಸೂಪಿಗೆ ಸೊಗಸು. ಹುರಿಯಲು ಹೋದರೆ ಕಾವಲಿಯಲ್ಲೇ ಒಡೆದು ಹೋಗುತ್ತದೆ. ಪೊಟ್ಟಣದ ಹಿಂಬದಿಯನ್ನೂ ಓದಿ. ಪನೀರಿಗೆ ಹಾಲನ್ನು ನಿಂಬೆರಸದಿಂದಲೋ ವಿನೆಗರ್‌ನಿಂದಲೋ ಒಡೆಸುತ್ತೇವೆ. ಸೋಯಾ ಹಾಲನ್ನು ಸಾಮಾನ್ಯವಾಗಿ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ಹಾಕಿ ಹೆಪ್ಪುಗಟ್ಟಿಸುತ್ತಾರೆ. ಜಪಾನಿನಲ್ಲಿ ಸಮುದ್ರದ ಉಪ್ಪು ಬೇರ್ಪಡಿಸಿದ ಮೇಲೆ ಉಳಿಯುವ ಕಹಿನೀರನ್ನು ಬಳಸುವ ಪದ್ಧತಿಯೂ ಇದೆ. ಅದರಲ್ಲಿ ಮುಖ್ಯವಾಗಿ ಇರುವುದು ಮೆಗ್ನೀಸಿಯಂ ಕ್ಲೋರೈಡ್. ಕ್ಯಾಲ್ಸಿಯಂ ಬಳಸಿ ಮಾಡಿದ್ದಾದರೆ ಆ ಕ್ಯಾಲ್ಸಿಯಂ ನಮ್ಮ ತಟ್ಟೆಗೂ ಬರುತ್ತದೆ. ಮಗಳಿಗೆ ಹಾಲು ಒಗ್ಗದ ನಮ್ಮಂಥ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

ತೋಫುವನ್ನು ಪನೀರಿನ ಬಡ ತಂಗಿಯಂತೆ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಪನೀರ್ ಬಟರ್ ಮಸಾಲಾದಲ್ಲಿ ಪನೀರಿನ ಬದಲು ಇದನ್ನು ಹಾಕಿ, ಆಮೇಲೆ "ಇದಕ್ಕೆ ರುಚಿಯೇ ಇಲ್ಲ" ಎನ್ನುವವರನ್ನು ಬಹಳ ನೋಡಿದ್ದೇನೆ. ಪನೀರಿನ ರುಚಿ ಹಾಲಿನ ಕೊಬ್ಬಿನದು. ತೋಫುವಿನಲ್ಲಿ ಆ ಕೊಬ್ಬಿಲ್ಲ. ಅದರ ಗುಣವೇ ಬೇರೆ. ಹೊರಗೆ ತೆಳುವಾದ ಗರಿ, ಒಳಗೆ ಮೃದು, ಮೇಲೆ ಅಂಟಿಕೊಂಡ ರಸ, ಈ ಮೂರೂ ಒಂದೇ ತುತ್ತಿನಲ್ಲಿ ಸಿಗುವುದು ಇದರಲ್ಲಿ. ಬೆಳಗಾವಿ, ಧಾರವಾಡ, ಬೀದರಿನ ಹೊಲಗಳಲ್ಲಿ ಮಳೆಗಾಲದಲ್ಲಿ ಸೋಯಾ ಅವರೆ ಹಸಿರಾಗಿ ನಿಂತಿರುತ್ತದೆ. ಅದರ ಬಹುಪಾಲು ಎಣ್ಣೆ ಗಿರಣಿಗೆ ಹೋಗುತ್ತದೆ, ಹಿಂಡಿ ಕೋಳಿ, ದನಗಳ ಮೇವಾಗುತ್ತದೆ. ನಮ್ಮದೇ ನೆಲದ ಕಾಳು ನಮ್ಮ ಅಡುಗೆಮನೆಗೆ ಇನ್ನೂ ಸ್ವಲ್ಪ ಹೆಚ್ಚು ಬರಬೇಕು ಎಂಬುದು ನನ್ನ ಆಸೆ.

ನಾನು ತೋಫು ಮೊದಲು ತಿಂದದ್ದು ಬೆಂಗಳೂರಿನಲ್ಲಲ್ಲ, ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ. 1960ರ ದಶಕದಲ್ಲಿ ಅಲ್ಲಿ ನೆಲೆ ಕಂಡ ಟಿಬೆಟಿಯನ್ನರ ಊಟದ ಮನೆಗಳಿಗೆ ನಾವು ಶಿರಸಿಯ ಕಾಲೇಜಿನ ಹುಡುಗಿಯರು ಮೊಮೊ ತಿನ್ನಲು ಹೋಗುತ್ತಿದ್ದೆವು. ಸೊಪ್ಪಿನ ಜೊತೆ ಹುರಿದ ತೋಫು, ಪಕ್ಕದಲ್ಲಿ ಕೆಂಪು ಮೆಣಸಿನ ಚಟ್ನಿ. ಸಿಹಿ ಅದರಲ್ಲಿ ಇರಲಿಲ್ಲ. ಸಿಹಿ ಸೇರಿದ್ದು ನನ್ನ ಅಡುಗೆಮನೆಯಲ್ಲಿ.

ನೀರು ತೆಗೆಯಲು ನಾನು ಮಾಡುವುದು ಹೀಗೆ. ತೋಫುವನ್ನು ಚಾಕುವಿನಿಂದ ಕತ್ತರಿಸುವುದಿಲ್ಲ, ಕೈಯಿಂದಲೇ ಒಂದು ತುತ್ತಿನ ಗಾತ್ರಕ್ಕೆ ಮುರಿಯುತ್ತೇನೆ. ಮುರಿದ ಮೈ ಒರಟಾಗಿರುತ್ತದೆ. ಆ ಏರುತಗ್ಗುಗಳಲ್ಲಿ ಹಿಟ್ಟು ಹಿಡಿಯುತ್ತದೆ, ಗರಿಯಾಗುವ ಅಂಚು ಹೆಚ್ಚುತ್ತದೆ. ಕುದಿಯುವ ನೀರಿಗೆ ನಾಲಿಗೆಗೆ ಸಮುದ್ರದ ನೀರು ಎನಿಸುವಷ್ಟು ಉಪ್ಪು ಹಾಕಿ, ಒಲೆ ಆರಿಸಿ, ತುಂಡುಗಳನ್ನು ಅದರಲ್ಲಿ 15 ನಿಮಿಷ ಮುಳುಗಿಸಿಡುತ್ತೇನೆ. ನೀರು ತೆಗೆಯಲು ಮತ್ತೆ ನೀರಿಗೇ ಹಾಕುವುದೇ ಎಂದು ಕೇಳಬಹುದು. ಬಿಸಿ ಉಪ್ಪುನೀರು ತುಂಡಿನ ಒಳಗಿನ ತೇವವನ್ನು ಮೇಲಕ್ಕೆ ಎಳೆಯುತ್ತದೆ, ಒಳಗೂ ಉಪ್ಪು ಇಳಿಯುತ್ತದೆ. ಬಸಿದ ಮೇಲೆ ಬಿಸಿಗೆ ಹೊರಮೈ ಬೇಗ ಆರುತ್ತದೆ. ಬಸಿದು, ಹಳೆಯ ಹತ್ತಿ ಪಂಚೆಯ ಮೇಲೆ ಹರವಿ, ಮೇಲೊಂದು ಬಟ್ಟೆ ಮುಚ್ಚಿ, ಮೆಲ್ಲಗೆ ಒತ್ತಿ ಬಿಟ್ಟುಬಿಡುತ್ತೇನೆ. ಫ್ಯಾನಿನ ಕೆಳಗೆ ಇಟ್ಟರೆ ಇನ್ನೂ ಒಳ್ಳೆಯದು. ಬೆರಳಿಟ್ಟರೆ ಒದ್ದೆ ತಾಗಬಾರದು.

ರಸ ಒಳಗಿನ ತನಕ ಇಳಿಯಬೇಕು ಎನ್ನುವವರಿಗೆ ಇನ್ನೊಂದು ದಾರಿಯಿದೆ. ಹಿಂದಿನ ರಾತ್ರಿಯೇ ತೋಫುವನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ. ಮಂಜಿನ ಹರಳುಗಳು ಒಳಗೆ ಸಣ್ಣ ಗೂಡುಗಳನ್ನು ಕೊರೆಯುತ್ತವೆ. ಕರಗಿದ ಮೇಲೆ ಎರಡು ಅಂಗೈಗಳ ನಡುವೆ ಒತ್ತಿದರೆ ನೀರೆಲ್ಲ ಸುರಿದುಹೋಗುತ್ತದೆ. ಜಪಾನಿನ ಕೋಯಾ ಬೆಟ್ಟದ ಬೌದ್ಧ ಮಠಗಳ ಹೆಸರಿನಲ್ಲಿ ಪ್ರಸಿದ್ಧವಾದ ಕೋಯಾ ತೋಫು ಇದೇ ತತ್ವದ್ದು: ಹೆಪ್ಪುಗಟ್ಟಿಸಿ, ಒಣಗಿಸಿ, ಬೇಕಾದಾಗ ನೆನೆಸುವುದು. ಆದರೆ ಹೀಗೆ ಮಾಡಿದ ತೋಫು ಅಗಿಯಲು ಸ್ವಲ್ಪ ಗಟ್ಟಿ. ಮಗಳಿಗೆ ಅದೇ ಇಷ್ಟ, ನನಗೆ ಮೃದುವಾದದ್ದು.

ಹಿಟ್ಟು ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಸಣ್ಣ ಚಮಚ ಅಕ್ಕಿಹಿಟ್ಟು. ಅಮೆರಿಕದಲ್ಲಿರುವವರು ಕಾರ್ನ್‌ಸ್ಟಾರ್ಚ್ ಎಂದು ಕೇಳಿ ತರಬೇಕು. ಅಲ್ಲಿ ಕಾರ್ನ್‌ಫ್ಲೋರ್ ಎಂದರೆ ಮೆಕ್ಕೆಜೋಳದ ಹಳದಿ ಹಿಟ್ಟು ಸಿಗುತ್ತದೆ. ಮೈದಾ ಬೇಡ, ಅದರ ಅಂಟಿನಿಂದ ಪದರ ಬೇಗ ಮೆತ್ತಗಾಗುತ್ತದೆ. ತುಂಡುಗಳ ಮೇಲೆ ಹಿಟ್ಟು ಉದುರಿಸಿ, ಪಾತ್ರೆಯನ್ನೇ ಕುಲುಕಿ, ಕೂಡಲೇ ಕಾವಲಿಗೆ ಹಾಕಿ. ತಡ ಮಾಡಿದರೆ ಹಿಟ್ಟು ತೇವ ಹೀರಿ ಅಂಟಂಟಾಗುತ್ತದೆ.

ಕಬ್ಬಿಣದ ಕಾವಲಿ, ಮೂರು ದೊಡ್ಡ ಚಮಚ ಎಣ್ಣೆ, ಮಧ್ಯಮಕ್ಕಿಂತ ಸ್ವಲ್ಪ ಮೇಲಿನ ಉರಿ. ತುಂಡು ತುಂಡಿಗೂ ನಡುವೆ ಬೆರಳು ಹೋಗುವಷ್ಟು ಜಾಗವಿರಲಿ, ಇಲ್ಲವಾದರೆ ಒಂದರ ಹಬೆ ಇನ್ನೊಂದನ್ನು ಬೇಯಿಸುತ್ತದೆ. ಹಾಕಿದ ಮೇಲೆ ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಗರಿ ಕಟ್ಟಿದ ತುಂಡು ತಾನಾಗಿ ಕಾವಲಿ ಬಿಡುತ್ತದೆ. ಬಿಡದಿದ್ದರೆ ಇನ್ನೂ ಆಗಿಲ್ಲ ಎಂದರ್ಥ. ಎಲ್ಲ ಮಗ್ಗುಲೂ ಕೆಂಪಾದ ಮೇಲೆ ತಟ್ಟೆಗಲ್ಲ, ಜಾಲರಿಗೆ ತೆಗೆಯಿರಿ. ತಟ್ಟೆಯಲ್ಲಿ ಅಡಿಭಾಗ ಬೆವರುತ್ತದೆ.

ಇನ್ನು ರಸ. ಇಂಡೋನೇಷ್ಯಾದಲ್ಲಿ ಕೆಚಪ್ ಮಾನಿಸ್ ಎಂಬ ಸಿಹಿ ಸೋಯಾ ಸಾಸ್ ಇದೆ. ತಾಳೆಜಾತಿಯ ಮರಗಳ ಬೆಲ್ಲ ಸೇರಿಸಿ ಮಾಡಿದ ಕಪ್ಪು, ಮಂದ ರಸ. ಕರಿದ ತೋಫುವಿನ ಮೇಲೆ ಅದನ್ನು ಸುರಿದು, ಜೊತೆಗೆ ಕಡಲೆಕಾಯಿ, ಮೆಣಸಿನಕಾಯಿ ಸೇರಿಸಿ ತಿನ್ನುತ್ತಾರೆ. ಸೂಪರ್ ಮಾರ್ಕೆಟ್‌ನಲ್ಲಿ ಆ ಬಾಟಲಿಯ ಹಿಂಬದಿ ಓದುತ್ತಿದ್ದಾಗ ಬೆಲ್ಲ ಎಂದು ಕಂಡದ್ದೇ ನನ್ನ ಮನಸ್ಸು ಮನೆಯ ಜೋನಿಬೆಲ್ಲದ ಡಬ್ಬಿಗೆ ಹೋಯಿತು. ಬಾಟಲಿಯನ್ನು ಅಲ್ಲೇ ಇಟ್ಟು ಬಂದೆ.

ಶಿರಸಿ ಸಿದ್ದಾಪುರದ ಕಡೆ ಆಲೆಮನೆ ಮುಗಿದ ಮೇಲೆ ಬೆಂಗಳೂರಿನ ಮಕ್ಕಳ ಮನೆಗಳಿಗೆ ಜೋನಿಬೆಲ್ಲದ ಡಬ್ಬಿ ಬಸ್ಸಿನಲ್ಲಿ ಬರುತ್ತದೆ. ಅಚ್ಚು ಹೊಯ್ಯುವ ಹದಕ್ಕಿಂತ ಮೊದಲೇ ಇಳಿಸಿದ ದ್ರವರೂಪದ ಬೆಲ್ಲ ಅದು. ದೋಸೆಗೆ ತುಪ್ಪದ ಜೊತೆ ಹಚ್ಚಿ ತಿಂದವರಿಗೆ ಅದರ ಪರಿಮಳ ಗೊತ್ತು: ಬರೀ ಸಿಹಿಯಲ್ಲ, ಒಂದಿಷ್ಟು ಹೊಗೆ, ಒಂದಿಷ್ಟು ಖನಿಜದ ಒಗರು. ಸಕ್ಕರೆಗೆ ಈ ಗುಣವಿಲ್ಲ. ಜೇನು ಇದರ ಜಾಗಕ್ಕೆ ಬಂದರೆ ಸೋಯಾ ಸಾಸ್‌ನ ಎದುರು ಅದರ ಕಂಪು ಮುಚ್ಚಿಹೋಗುತ್ತದೆ. ಜೋನಿಬೆಲ್ಲ ಹಾಗೆ ಸೋಲುವುದಿಲ್ಲ. ಡಬ್ಬಿ ಇಲ್ಲದವರು ಅಚ್ಚುಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ ಬಳಸಬಹುದು.

ಸೋಯಾ ಸಾಸ್ ಕೊಳ್ಳುವಾಗಲೂ ಎಚ್ಚರ ಬೇಕು. ಸೋಯಾ, ಗೋಧಿ, ಉಪ್ಪು, ನೀರು ಸೇರಿ ತಿಂಗಳುಗಟ್ಟಲೆ ಹುದುಗಿದ್ದರಿಂದ ಬರುವ ರುಚಿಯೇ ಬೇರೆ. ಕ್ಯಾರಮೆಲ್ ಬಣ್ಣ ಹಾಕಿ ಕಪ್ಪಾಗಿಸಿದ್ದು ಬೇರೆ. ಉಪ್ಪಿನ ಲೆಕ್ಕವನ್ನೂ ಇಡಿ. ಸಾಮಾನ್ಯ ಸೋಯಾ ಸಾಸ್‌ನ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ 200 ಗ್ರಾಂ ತೋಫುವಿಗೆ, ಮೂವರ ಊಟಕ್ಕೆ, ಒಂದೂವರೆ ಚಮಚಕ್ಕಿಂತ ಹೆಚ್ಚು ಹಾಕುವುದಿಲ್ಲ, ರಸಕ್ಕೆ ಬೇರೆ ಉಪ್ಪು ಹಾಕುವುದೇ ಇಲ್ಲ.

ಆ ಒಂದೂವರೆ ದೊಡ್ಡ ಚಮಚಕ್ಕೆ ಅಷ್ಟೇ ಜೋನಿಬೆಲ್ಲ, ಮೂರು ಚಮಚ ನೀರು. ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ, ಶುಂಠಿ, ತರಿತರಿಯಾಗಿ ಮುರಿದ ಒಂದು ಬ್ಯಾಡಗಿ ಮೆಣಸು. ಬೆಳ್ಳುಳ್ಳಿ ಕಂಪು ಬಿಟ್ಟ ಕೂಡಲೇ, ಕೆಂಪಾಗುವ ಮೊದಲು, ರಸ ಸುರಿಯಿರಿ. ಇಲ್ಲಿಂದ ಸಣ್ಣ ಉರಿ. ಊರಿನಿಂದ ಬಂದಿದ್ದ ಆಯಿ, ಅಂದರೆ ಅಮ್ಮ, ನಾನು ಉರಿ ದೊಡ್ಡದು ಮಾಡಿದ್ದು ನೋಡಿ ಹೇಳಿದ್ದು ಇದನ್ನೇ: "ಬೆಲ್ಲಕ್ಕೆ ಅವಸರ ಆಗುವುದಿಲ್ಲ ಕೂಸೇ. ಕೊಪ್ಪರಿಗೆಯ ಹತ್ತಿರ ನಿಂತು ನೋಡಿದವಳು ನೀನು." ಮೊದಲು ಸಣ್ಣ ಗುಳ್ಳೆಗಳು ಚಟಪಟ ಏಳುತ್ತವೆ, ಆಮೇಲೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ ಒಡೆಯುತ್ತದೆ. ಸೌಟಿನ ಬೆನ್ನಿಗೆ ರಸ ಹತ್ತಿ ನಿಂತರೆ ಸಾಕು. ಒಂದೆಳೆ ಪಾಕಕ್ಕೆ ಬಿಡಬಾರದು, ತಣಿದಾಗ ಇನ್ನೂ ಬಿಗಿಯುತ್ತದೆ.

ಹುಳಿ ಇಲ್ಲದಿದ್ದರೆ ಈ ಸಿಹಿ ನಾಲ್ಕನೆಯ ತುತ್ತಿಗೆ ಸಾಕುಸಾಕೆನಿಸುತ್ತದೆ. ನಿಂಬೆರಸ ಆಗಬಹುದು, ವಿನೆಗರ್ ಆಗಬಹುದು. ನನ್ನ ಮೆಚ್ಚಿನದು ವಾಟೆಹುಳಿ, ಅಂದರೆ ಹುಳಿಗಾಗಿ ಒಣಗಿಸಿಡುವ ವಾಟೆಕಾಯಿಯ ಹೋಳು. ಎರಡು ಒಣ ಹೋಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನೇ ರಸದ ನೀರಾಗಿ ಹಾಕುತ್ತೇನೆ. ಆಯಿ ಬೆಳ್ಳುಳ್ಳಿ ತಿನ್ನದ ದಿನಗಳಲ್ಲಿ ಅದರ ಬದಲು ಇಂಗು, ಶುಂಠಿ ಸ್ವಲ್ಪ ಹೆಚ್ಚು. ಹಾಗೆ ಮಾಡಿದ್ದನ್ನು ಅವಳು ಅನ್ನಕ್ಕೆ ಕಲಸಿಕೊಂಡು, ಇದು ಗೊಜ್ಜಿನ ಜಾತಿಯದೇ ಎಂದು ತೀರ್ಪು ಕೊಟ್ಟಳು. ನನಗೂ ಹಾಗೇ ಅನಿಸುತ್ತದೆ. ಸಿಹಿ, ಉಪ್ಪು, ಹುಳಿ, ಖಾರವನ್ನು ಒಂದೇ ಪಾತ್ರೆಯಲ್ಲಿ ಹೊಂದಿಸುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ.

ಎಳ್ಳೆಣ್ಣೆಯ ಬಗ್ಗೆ ಒಂದು ಮಾತು. ಚೀನಾ, ಕೊರಿಯಾದ ಅಡುಗೆಗಳಲ್ಲಿ ಕೊನೆಗೆ ಹನಿಸುವ ಎಳ್ಳೆಣ್ಣೆ ಹುರಿದ ಎಳ್ಳಿನದು. ನಮ್ಮ ಗಾಣದ ಎಳ್ಳೆಣ್ಣೆಯಲ್ಲಿ ಆ ಪರಿಮಳ ಬರುವುದಿಲ್ಲ. ಅದಕ್ಕಾಗಿ ದುಬಾರಿ ಬಾಟಲಿ ತರುವ ಬದಲು ಬಿಳಿ ಎಳ್ಳನ್ನು ಚಿಟಪಟ ಎನ್ನುವ ತನಕ ಹುರಿದು, ಅರ್ಧಂಬರ್ಧ ಕುಟ್ಟಿ ಮೇಲೆ ಉದುರಿಸಿ.

ಸೇರಿಸುವ ಕ್ರಮ ಇದು: ರಸ ಪೂರ್ತಿ ಸಿದ್ಧವಾಗಿ, ಒಲೆ ಆರಿದ ಮೇಲೆ ತೋಫು ಹಾಕಿ ಎರಡು ಸಲ ತಿರುವುವುದು. ಅಷ್ಟೇ. ತೆಳು ರಸದಲ್ಲಿ ತುಂಡುಗಳನ್ನು ಹಾಕಿ ಕುದಿಸಿದರೆ ಅಷ್ಟು ಹೊತ್ತು ಆರಿಸಿದ ನೀರನ್ನು ನಾವೇ ವಾಪಸು ಕೊಟ್ಟಂತೆ. ಊಟಕ್ಕೆ ಕೂರುವವರು ಕೈ ತೊಳೆದು ಬರಲಿ, ಆಮೇಲೆ ಸೇರಿಸಿ. ಹತ್ತು ನಿಮಿಷದ ತನಕ ಗರಿ ಚೆನ್ನಾಗಿ ಉಳಿಯುತ್ತದೆ. ಬಿಸಿ ಸೋನಾ ಮಸೂರಿ ಅನ್ನ, ಪಕ್ಕದಲ್ಲಿ ಉಪ್ಪು ನಿಂಬೆ ಹಾಕಿದ ಸೌತೆಕಾಯಿ ಸಾಕು. ಮಗಳ ಡಬ್ಬಿಗೆ ಕಳುಹಿಸುವ ದಿನ ತೋಫು ಒಂದು ಡಬ್ಬಿಯಲ್ಲಿ, ರಸ ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಹೋಗುತ್ತದೆ. ರಸ ಉಳಿದರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇಡಬಹುದು. ಮಾರನೆಯ ದಿನ ಉದ್ದುದ್ದ ಸೀಳಿ ಹುರಿದ ಬದನೆಕಾಯಿಗೆ ಅದನ್ನು ಹಚ್ಚಿ ನೋಡಿ.