ಮೂರು ಪೆನ್ನುಗಳ ರಾತ್ರಿ

ರಾತ್ರಿ ಹನ್ನೊಂದೂವರೆಗೆ ಊಟದ ಮೇಜಿನ ಮೇಲೆ ಮೂರು ಪೆನ್ನುಗಳನ್ನಿಟ್ಟುಕೊಂಡು ಕುಳಿತಿದ್ದೆ. ಒಂದು ನೀಲಿ, ಒಂದು ಕಪ್ಪು, ಇನ್ನೊಂದು ಶಾಯಿ ಮುಗಿಯುತ್ತ ಬಂದು ಅಕ್ಷರಗಳನ್ನು ಅಲ್ಲಲ್ಲಿ ನುಂಗುತ್ತಿದ್ದ ಹಳೆಯ ಪೆನ್ನು. ಮೂರು ವರ್ಷಗಳ ದಾಖಲೆಯನ್ನು ಒಂದೇ ರಾತ್ರಿ ಬರೆಯಲು ಕುಳಿತವನಿಗೆ ಒಂದೇ ಪೆನ್ನು ಸಾಲುವುದಿಲ್ಲ. ನೀರು ಕುಡಿಯಲು ಎದ್ದು ಬಂದ ಹೆಂಡತಿ ಒಂದು ಗಳಿಗೆ ನಿಂತು ನೋಡಿದಳು. “ಪರೀಕ್ಷೆ ನಿಮಗೋ, ನಿಮ್ಮ ಹುಡುಗರಿಗೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿ ಮಲಗಿದಳು.

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಇದು 2023ರ ಮಾತು. ಕಾಲೇಜು ನ್ಯಾಕ್ ಮೌಲ್ಯಮಾಪನಕ್ಕೆ ಸಜ್ಜಾಗುತ್ತಿತ್ತು. ಹೊರಗಿನವರಿಗಾಗಿ ಒಂದು ಮಾತು: ನ್ಯಾಕ್ ಎಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 1994ರಲ್ಲಿ ಹುಟ್ಟುಹಾಕಿದ, ನಮ್ಮ ಬೆಂಗಳೂರಿನಲ್ಲೇ ಕಚೇರಿಯಿರುವ ಸಂಸ್ಥೆ. ಆಗ ಅದು ಕಾಲೇಜುಗಳನ್ನು ತೂಗಿ ದರ್ಜೆ ಕೊಡುತ್ತಿತ್ತು. ಆದರೆ ತೂಗುವ ಮೊದಲು ಕಾಲೇಜು ತನ್ನನ್ನು ತಾನೇ ತೂಗಿಕೊಂಡು ಸ್ವ-ಅಧ್ಯಯನ ವರದಿಯೊಂದನ್ನು ಬರೆಯಬೇಕಿತ್ತು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ಎಸ್‌ಎಸ್‌ಆರ್. ಏಳು ಮಾನದಂಡ, ಸಾವಿರ ಅಂಕ. ಅದರಲ್ಲಿ ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೇ 350. 2017ರಲ್ಲಿ ಪದ್ಧತಿ ಬದಲಾದ ಮೇಲೆ ಅಂಕಗಳ ದೊಡ್ಡ ಪಾಲು ಅಂಕಿಅಂಶಗಳಿಗೇ ಹೋಗುತ್ತಿತ್ತು, ಅವುಗಳ ತಪಾಸಣೆ ನ್ಯಾಕ್ ತಂಡ ಕಾಲೇಜಿಗೆ ಬರುವ ಮುಂಚೆಯೇ ಆನ್‌ಲೈನಿನಲ್ಲಿ ಮುಗಿಯುತ್ತಿತ್ತು. ಹೇಳಿದ ಪ್ರತಿ ಮಾತಿಗೂ ಒಂದು ಪಿಡಿಎಫ್ ಬೇಕಿತ್ತು. ನಮ್ಮ ಐಕ್ಯೂಎಸಿ, ಅಂದರೆ ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶದ ಸಂಚಾಲಕಿ ಮೇಡಂ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು: “ಮಾಡಿದ್ದೆಲ್ಲ ಲೆಕ್ಕಕ್ಕಿಲ್ಲ ಸರ್, ಅಪ್‌ಲೋಡ್ ಆದದ್ದಷ್ಟೇ ಲೆಕ್ಕ.”

ಹಾಗಾಗಿ ಬೀರುಗಳು ತೆರೆದುಕೊಂಡವು. ಕ್ರೀಡಾ ದಿನಾಚರಣೆಯ ಕಡತವನ್ನು ಅರ್ಧ ಗೆದ್ದಲು ತಿಂದಿತ್ತು. ಎನ್‌ಎಸ್‌ಎಸ್ ವನಮಹೋತ್ಸವದ ಫೋಟೊಗಳಿದ್ದವು, ಆದರೆ ತೆಗೆದ ಜಾಗವನ್ನು ತೋರಿಸುವ ಜಿಯೋಟ್ಯಾಗ್ ಇರಲಿಲ್ಲ. “ಗಿಡವೂ ಅಲ್ಲೇ ಇದೆ, ನಾವೂ ಇಲ್ಲೇ ಇದ್ದೇವೆ, ಇನ್ನೊಂದು ಸಲ ನಿಂತು ತೆಗೆಸಿಕೊಳ್ಳೋಣ” ಎಂದರು ಅತಿಥಿ ಉಪನ್ಯಾಸಕರೊಬ್ಬರು. ಎಲ್ಲರೂ ಕಿಟಕಿಯಿಂದ ಹೊರಗೆ ನೋಡಿದೆವು. ಐದು ವರ್ಷದ ಹಿಂದೆ ನೆಟ್ಟ ಆ ಹೊಂಗೆ ಮೊದಲನೆಯ ಮಹಡಿಯ ಸಜ್ಜೆ ಮುಟ್ಟಿತ್ತು.

ವರದಿಯಲ್ಲಿ ಕಾಲೇಜಿನ ಬಲ, ದೌರ್ಬಲ್ಯ, ಅವಕಾಶ, ಸವಾಲುಗಳನ್ನೂ ಬರೆಯಬೇಕಿತ್ತು. ಬಲದ ಪಟ್ಟಿ ಹತ್ತು ನಿಮಿಷದಲ್ಲಿ ಮುಗಿಯಿತು. ದೌರ್ಬಲ್ಯಕ್ಕೆ ಬಂದಾಗ ಪ್ರಾಂಶುಪಾಲರ ಕೊಠಡಿಯಲ್ಲಿ ಫ್ಯಾನಿನ ಸದ್ದೊಂದೇ. ಕೊನೆಗೆ ಒಬ್ಬರು ಕಟ್ಟಡ ಸಾಲದು ಎಂದರು, ಇನ್ನೊಬ್ಬರು ಬಸ್ ಸಾಲದು ಎಂದರು, ಮತ್ತೊಬ್ಬರು ಕಾಯಂ ಅಧ್ಯಾಪಕರು ಸಾಲದು ಎಂದರು. ಮೂರೂ ನಿಜ. ಮೂರೂ ನಮ್ಮ ತಪ್ಪಲ್ಲದ ದೌರ್ಬಲ್ಯಗಳು. ನಾನೂ ಹೂಂಗುಟ್ಟಿದೆ.

ಮಾರ್ಗದರ್ಶನ ಪುಸ್ತಕದ ಪ್ರಸಂಗ ಇದೇ ವಾರದ್ದು. ಪ್ರತಿ ಅಧ್ಯಾಪಕನಿಗೆ ಇಂತಿಷ್ಟು ವಿದ್ಯಾರ್ಥಿಗಳೆಂದು ಹಂಚಿ, ಅವರ ಕಷ್ಟಸುಖ ವಿಚಾರಿಸಿ ಬರೆದಿಡಬೇಕೆಂಬ ನಿಯಮ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಹಂಚಿದ ಪಟ್ಟಿ ನನ್ನಲ್ಲಿತ್ತು. ವಿಚಾರಿಸಿದ್ದು ಅಷ್ಟಕ್ಕಷ್ಟೇ. ಬರೆದದ್ದಂತೂ ಮೊದಲ ವರ್ಷದ ನಾಲ್ಕು ಪುಟ. ಉಳಿದದ್ದನ್ನು ಆ ರಾತ್ರಿ ಬರೆದೆ. ಮೊದಮೊದಲು ಕೈ ತಡೆಯಿತು, ಇಪ್ಪತ್ತನೆಯ ಹೆಸರಿಗೆ ಬರುವಷ್ಟರಲ್ಲಿ ಓಟ ಹಿಡಿಯಿತು. ಎರಡು ಸಾಲು ಸಮಸ್ಯೆ, ಒಂದು ಸಾಲು ಸಲಹೆ, ಕೊನೆಗೆ ‘ಸುಧಾರಣೆ ಕಂಡುಬಂದಿದೆ’. ಪೆನ್ನು ಬದಲಿಸುವುದು. ಮತ್ತೆ ‘ಸುಧಾರಣೆ ಕಂಡುಬಂದಿದೆ’. ಅಷ್ಟೊಂದು ಸುಧಾರಣೆ ನಿಜವಾಗಿಯೂ ಆಗಿದ್ದರೆ ನಮ್ಮ ತಾಲ್ಲೂಕಿನ ಚಹರೆಯೇ ಬದಲಾಗಬೇಕಿತ್ತು.

ಎರಡು ದಿನ ಬಿಟ್ಟು ಮೇಡಂ ಇನ್ನೊಂದು ಕೆಲಸ ಒಪ್ಪಿಸಿದರು. ಐದನೆಯ ಮಾನದಂಡದಲ್ಲಿ ವಿದ್ಯಾರ್ಥಿಗಳ ಪ್ರಗತಿಯ ಲೆಕ್ಕವಿತ್ತು: ಕಳೆದ ಐದು ವರ್ಷಗಳಲ್ಲಿ ಪದವಿ ಮುಗಿಸಿದವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ಎಷ್ಟು ಮಂದಿ ಮುಂದೆ ಓದಲು ಹೋದರು. ಬಿ.ಎ. ವಿದ್ಯಾರ್ಥಿಗಳ ಪಾಲು ನನಗೆ ಬಂತು. ಪ್ರವೇಶಾತಿ ರಿಜಿಸ್ಟರು, ಮೊಬೈಲು, ಖಾಲಿ ತರಗತಿಯ ಕೊನೆಯ ಬೆಂಚು. ಬೆಳಿಗ್ಗೆ ಹತ್ತರಿಂದ ಕರೆ ಮಾಡುತ್ತ ಕುಳಿತೆ.

ರಿಜಿಸ್ಟರಿನಲ್ಲಿದ್ದ ಸಂಖ್ಯೆಗಳಲ್ಲಿ ಅರ್ಧಕ್ಕರ್ಧ ಚಾಲ್ತಿಯಲ್ಲಿರಲಿಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಅಪ್ಪಂದಿರದ್ದು. ಕಾಲೇಜಿನಿಂದ ಎಂದ ಕೂಡಲೇ ಒಬ್ಬರು, “ಫೀಜು ಬಾಕಿ ಇತ್ತಾ ಸ್ವಾಮಿ?” ಎಂದು ಗಾಬರಿಯಾದರು. ಇನ್ನೊಬ್ಬರು ಮಗಳ ಮದುವೆಯಾಗಿ ಎರಡು ವರ್ಷವಾಯಿತು, ಮೊಮ್ಮಗ ಹುಟ್ಟಿದ್ದಾನೆ ಎಂದು ಸಂಭ್ರಮದಿಂದ ಹೇಳಿ, “ಅದನ್ನೂ ಬರೆದುಕೊಳ್ಳಿ” ಎಂದರು. ಬರೆದುಕೊಳ್ಳಲು ಕಾಲಮ್ಮು ಇರಲಿಲ್ಲ. ಒಬ್ಬಳು ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್. ನೇಮಕಾತಿ ಪತ್ರ ಕಳಿಸಮ್ಮ ಎಂದೆ, ಅಂಥದ್ದು ಯಾರೂ ಕೊಟ್ಟೇ ಇಲ್ಲ ಸರ್ ಎಂದಳು. ಮಧ್ಯಾಹ್ನದ ಹೊತ್ತಿಗೆ ಮೈಸೂರಿನಲ್ಲಿ ಎಂ.ಎ. ಓದಿದ ಇಬ್ಬರು ಸಿಕ್ಕರು. ಬಿ.ಇಡಿ. ಮಾಡಿದ ಒಬ್ಬಳು ಪ್ರವೇಶ ಪತ್ರದ ಫೋಟೊವನ್ನು ಆ ಕ್ಷಣವೇ ಕಳಿಸಿದಾಗ ಲಾಟರಿ ಹೊಡೆದಷ್ಟು ಖುಷಿಯಾಯಿತು.

ಮೂರು ಗಂಟೆಯ ಸುಮಾರಿಗೆ ಆ ಹುಡುಗ ಸಿಕ್ಕ. ಧ್ವನಿ ಕೇಳಿದೊಡನೆ ನೆನಪಾದ. ಮೊದಲ ಪೀರಿಯಡ್ಡಿಗೆ ಎಂದೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಬಂದರೂ ಗೋಡೆಗೊರಗಿ ತೂಕಡಿಸುತ್ತಿದ್ದ. ಎರಡು ಮೂರು ಸಲ ಹೊರಗೆ ಕಳಿಸಿದ್ದೆ. ಈಗೇನು ಮಾಡುತ್ತಿದ್ದೀಯ ಎಂದು ಕೇಳಿದೆ.

“ಸ್ವಂತ ಗೂಡ್ಸ್ ಗಾಡಿ ಇದೆ ಸರ್. ರಾತ್ರಿ ನಮ್ಮ ಕಡೆಯ ತರಕಾರಿಯನ್ನು ಕಲಾಸಿಪಾಳ್ಯಕ್ಕೆ ಹಾಕಿ ಬರುತ್ತೇನೆ. ಓದುವಾಗ ಬೇರೆಯವರ ಗಾಡಿಗೆ ಲೋಡಿಂಗ್‌ಗೆ ಹೋಗುತ್ತಿದ್ದೆನಲ್ಲ, ಅದೇ ಕೆಲಸ.”

ಓದುವಾಗ ಹೋಗುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ಹೌದು ಹೌದು ಎಂದೆ. ಯಾಕೆ ಹೋಗಬೇಕಾಯಿತು ಎಂದು ಆಗ ಕೇಳಬೇಕಿದ್ದುದನ್ನು ಈಗ ಕೇಳಿದೆ.

“ಮೊದಮೊದಲು ಕೈಖರ್ಚಿಗೆ. ಆಮೇಲೆ ಸಾಲಕ್ಕೆ. ಆ ವರ್ಷ ಕಲ್ಲಂಗಡಿ ಹಾಕಿದ್ದೆವು ಸರ್. ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತಲ್ಲ. ಏಪ್ರಿಲ್ ಪೂರ್ತಿ ಹಣ್ಣು ಹೊಲದಲ್ಲೇ ಒಡೆಯಿತು. ಕೊನೆಗೆ ಟ್ರ್ಯಾಕ್ಟರ್ ಬಿಟ್ಟು ಉತ್ತೆವು. ಅಪ್ಪ ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ.”

ಕೆಲಸದ ಪುರಾವೆಗೆಂದು ಗಾಡಿಯ ಆರ್‌ಸಿ ಕಳಿಸು ಎಂದೆ. ಅದು ಅಪ್ಪನ ಹೆಸರಿನಲ್ಲಿದೆ ಎಂದ. ಹಾಗಾದರೆ ಆಗುವುದಿಲ್ಲವಪ್ಪ ಎಂದೆ. “ಪರವಾಗಿಲ್ಲ ಸರ್, ನೀವು ಫೋನ್ ಮಾಡಿದಿರಲ್ಲ” ಎಂದು ಇಟ್ಟ.

ಸ್ಟಾಫ್ ರೂಮಿಗೆ ಬಂದು ನನ್ನ ಪುಸ್ತಕ ತೆಗೆದು ಅವನ ಪುಟ ಹುಡುಕಿದೆ. ಕಪ್ಪು ಪೆನ್ನಿನ ಬರಹ. ‘18-04-2020. ವಿದ್ಯಾರ್ಥಿಯನ್ನು ಸ್ಟಾಫ್ ರೂಮಿಗೆ ಕರೆಸಿ ಮಾತನಾಡಲಾಯಿತು. ತಡವಾಗಿ ಬರುವ ಬಗ್ಗೆ ವಿಚಾರಿಸಿ ಸಮಯಪಾಲನೆಯ ಮಹತ್ವವನ್ನು ತಿಳಿಸಲಾಯಿತು. ಸುಧಾರಣೆ ಕಂಡುಬಂದಿದೆ.’

ದಿನಾಂಕಗಳನ್ನು ಮನಸ್ಸಿಗೆ ಬಂದಂತೆ ಹಾಕುತ್ತ ಹೋಗಿದ್ದೆ. ಭಾನುವಾರ ಬೀಳದಂತೆ ನೋಡಿಕೊಳ್ಳುವ ಜಾಣತನ ಮಾತ್ರ ಇತ್ತು. ಆ ಏಪ್ರಿಲ್ ಎಂಥದ್ದು ಎಂಬುದು ಹೊಳೆದಿರಲಿಲ್ಲ. ಕಾಲೇಜಿನ ಗೇಟಿಗೆ ಬೀಗ ಬಿದ್ದಿದ್ದ, ಅವನ ಹೊಲದಲ್ಲಿ ಹಣ್ಣು ಕೊಳೆಯುತ್ತಿದ್ದ ದಿನ ನಾನು ಅವನಿಗೆ ಸಮಯದ ಬೆಲೆ ಹೇಳುತ್ತ ಕುಳಿತಿದ್ದೆ.

ಪುಟ ಹರಿಯಲು ಹೊರಟೆ. “ಹರಿಯಬೇಡಿ, ಪುಟಸಂಖ್ಯೆ ಹಾಕಿಯಾಗಿದೆ” ಎಂದು ಮೇಡಂ ತಡೆದರು. ಕಾರಣ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ನನ್ನದೂ ಒಮ್ಮೆ ನೋಡಿಕೊಳ್ಳಬೇಕು” ಎಂದು ತಮ್ಮ ಬೀರುವಿನ ಕಡೆಗೆ ನಡೆದರು. ನಾನು ಆ ಸಾಲುಗಳ ಮೇಲೆ ಗೆರೆ ಎಳೆದು ‘ಈ ದಿನ ಕಾಲೇಜು ಮುಚ್ಚಿತ್ತು’ ಎಂದು ಬರೆದು ಸಹಿ ಹಾಕಿದೆ. ಉಳಿದ ಪುಟಗಳನ್ನು ಹಾಗೆಯೇ ಬಿಟ್ಟೆ. ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ಮುಂದಿನದು ಆಗ ಎಲ್ಲ ಕಾಲೇಜುಗಳಲ್ಲೂ ಆಗುತ್ತಿದ್ದಂಥದ್ದೇ: ಸುಣ್ಣಬಣ್ಣ, ರಂಗೋಲಿ, ಎರಡು ದಿನದ ಭೇಟಿ, ನಮಗೆ ಸಿಕ್ಕ ಬಿ ಪ್ಲಸ್. ಎರಡನೆಯ ದಿನ ತಂಡದ ಸದಸ್ಯೆಯೊಬ್ಬರು ನಮ್ಮ ವಿಭಾಗಕ್ಕೆ ಬಂದರು. ಬೇರೆ ರಾಜ್ಯದವರು, ಕನ್ನಡ ಬಾರದು. ಪುಸ್ತಕ ತಿರುವುತ್ತ, ಗೆರೆ ಎಳೆದ ಪುಟ ಬಂದಾಗ ಅಲ್ಲಿ ಬೆರಳಿಟ್ಟು ಇದೇನು ಎಂದು ಕೇಳಿದರು. ನಾನೇ ಬರೆದ ಸುಳ್ಳನ್ನು ನಾನೇ ಸಾಲುಸಾಲಾಗಿ ಇಂಗ್ಲಿಷಿಗೆ ಅನುವಾದ ಮಾಡಿ ಹೇಳಬೇಕಾಯಿತು. ‘ಸುಧಾರಣೆ ಕಂಡುಬಂದಿದೆ’ ಎಂಬಲ್ಲಿಗೆ ಬಂದಾಗ ಬಾಯಿ ಒಣಗಿತ್ತು.

ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸುತ್ತ, ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದರು.

ಪಕ್ಕದಲ್ಲಿದ್ದ ನಮ್ಮ ಮೇಡಂ ಅಭ್ಯಾಸಬಲದಿಂದ ಐದನೆಯ ಮಾನದಂಡದ ಕಡತಕ್ಕೆ ಕೈ ಹಾಕಿದರು.

“ಅದರಲ್ಲಿ ಅವನಿಲ್ಲ ಮೇಡಂ” ಎಂದೆ. ಆಮೇಲೆ ಕಲ್ಲಂಗಡಿಯಿಂದ ಶುರುಮಾಡಿ ಹೇಳತೊಡಗಿದೆ.